ಸಕ್ಕರೆ ಬಿಟ್ಟುಹೋದ ಜಾಗ

ಮದುವೆ ರಿಸೆಪ್ಷನ್‌ನಲ್ಲೋ ಹೌಸ್ ಪಾರ್ಟಿಯಲ್ಲೋ ದೊಡ್ಡ ಟಬ್ಬಿಗೆ ನೀರು, ಐಸು ತುಂಬಿ ಕೂಲ್‌ಡ್ರಿಂಕ್ಸ್ ಕ್ಯಾನುಗಳನ್ನು ಹಾಕಿಟ್ಟಿರುತ್ತಾರಲ್ಲ, ಐಸು ಕರಗಿದ ಮೇಲೆ ಒಮ್ಮೆ ಬಗ್ಗಿ ನೋಡಿ. ಮಾಮೂಲಿ ಕೋಕ್ ಕ್ಯಾನುಗಳು ತಳ ಸೇರಿರುತ್ತವೆ, ಡಯಟ್ ಕೋಕ್ ಮೇಲೆ ತೇಲುತ್ತಿರುತ್ತದೆ. ಕ್ಯಾನು ಅದೇ, ಅಳತೆ ಅದೇ. ವ್ಯತ್ಯಾಸ ಇರೋದು ಒಳಗಿನ ಸಕ್ಕರೆಯಲ್ಲಿ. 330 ಎಂ.ಎಲ್. ಕೋಕ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇದೆ, ಅಂದರೆ ಏಳೆಂಟು ಟೀ ಚಮಚ. ಡಯಟ್ ಕ್ಯಾನಿನಲ್ಲಿ ಆ ಕೆಲಸವನ್ನೆಲ್ಲ ಮಾಡೋದು ಹೆಚ್ಚೆಂದರೆ ಗ್ರಾಂನ ಐದನೇ ಒಂದು ಭಾಗದಷ್ಟು ಪುಡಿ.

ಆ ಪುಡಿ ಯಾವುದು ಅನ್ನೋದು ಕ್ಯಾನಿನ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಎಷ್ಟೋ ಸಲ ಬರೀ ನಂಬರಿನ ರೂಪದಲ್ಲಿ ಇರುತ್ತದೆ. 950 ಅಂದರೆ ಅಸೆಸಲ್ಫೇಮ್ ಪೊಟ್ಯಾಸಿಯಂ, 951 ಆಸ್ಪರ್ಟೇಮ್, 952 ಸೈಕ್ಲಮೇಟ್, 954 ಸ್ಯಾಕರಿನ್, 955 ಸುಕ್ರಲೋಸ್. ಉಳಿದದ್ದು ಎಲ್ಲ ಕೋಲಾದಲ್ಲೂ ಇರುವಂಥದ್ದೇ: ಗ್ಯಾಸು ತುಂಬಿದ ನೀರು, ಕ್ಯಾರಮೆಲ್ ಬಣ್ಣ, ಹುಳಿಗೆ ಫಾಸ್ಫಾರಿಕ್ ಆಸಿಡ್ (ನಂಬರು 338), ಕೆಫೀನು, ಕಂಪನಿಯವರು ಗುಟ್ಟು ಅಂತ ಹೇಳಿಕೊಳ್ಳುವ ಫ್ಲೇವರು. ಈ ನಂಬರುಗಳನ್ನು ಕೆಮಿಸ್ಟ್ರಿ ಪಾಠದ ಹಾಗೆ ಓದಿದರೆ ನಿದ್ದೆ ಬರುತ್ತದೆ. ಯಾವ ನಂಬರು ಯಾವಾಗ ಒಳಗೆ ಬಂತು, ಯಾವುದನ್ನು ಯಾರು ಆಚೆ ದಬ್ಬಿದರು ಅಂತ ನೋಡುತ್ತಾ ಹೋದರೆ ಮಾತ್ರ ಕಥೆ ಬೇರೆಯೇ ಆಗುತ್ತದೆ. ಸಕ್ಕರೆ ಬಿಟ್ಟುಹೋದ ಜಾಗಕ್ಕೆ ಯಾರು ಬಂದು ಕೂರಬೇಕು ಅನ್ನೋದನ್ನು ನಾಲಿಗೆ ತೀರ್ಮಾನಿಸಿದ್ದು ಕಡಿಮೆ. ಹೆದರಿಕೆ, ಕಾನೂನು, ಲ್ಯಾಬಿನ ಇಲಿಗಳು ಮತ್ತು ಹೆಂಗಸರ ಸೊಂಟದ ಅಳತೆ ತೀರ್ಮಾನಿಸಿದ್ದೇ ಹೆಚ್ಚು.

ಎಲ್ಲಕ್ಕಿಂತ ಹಳೆಯದು 954. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇರಾ ರೆಮ್ಸನ್ ಅನ್ನುವ ಪ್ರೊಫೆಸರ್ ಹತ್ತಿರ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಎಂಬ ಕೆಮಿಸ್ಟು ಕೆಲಸ ಮಾಡುತ್ತಿದ್ದ. ಕಲ್ಲಿದ್ದಲ ಡಾಂಬರಿನಿಂದ ಬರುವ ರಾಸಾಯನಿಕಗಳ ಮೇಲೆ ಅವನ ಪ್ರಯೋಗ. ಒಂದು ರಾತ್ರಿ ಊಟಕ್ಕೆ ಕೂತಾಗ ಬ್ರೆಡ್ಡು ವಿಪರೀತ ಸಿಹಿ ಅನ್ನಿಸಿತು. ಬ್ರೆಡ್ಡಲ್ಲಿ ಏನೂ ಇರಲಿಲ್ಲ, ಸಿಹಿ ಇದ್ದದ್ದು ಅವನ ಕೈಯಲ್ಲಿ. ತಿರುಗಿ ಲ್ಯಾಬಿಗೆ ಹೋಗಿ ಅಲ್ಲಿದ್ದ ಪಾತ್ರೆಗಳನ್ನೆಲ್ಲ ನೆಕ್ಕಿ ನೋಡಿ ಪತ್ತೆ ಮಾಡಿದನಂತೆ. 1879ರಲ್ಲಿ ಗುರು ಶಿಷ್ಯರಿಬ್ಬರ ಹೆಸರಲ್ಲೂ ಪ್ರಬಂಧ ಬಂತು. ಕೆಲವು ವರ್ಷಗಳ ನಂತರ ಫಾಲ್‌ಬರ್ಗ್ ತನ್ನ ಹೆಸರಲ್ಲಿ ಪೇಟೆಂಟ್ ಮಾಡಿಸಿಕೊಂಡು ದುಡ್ಡು ಮಾಡಿದ. ರೆಮ್ಸನ್‌ಗೆ ಆ ಸಿಟ್ಟು ಕೊನೆವರೆಗೂ ಇಳಿಯಲಿಲ್ಲ.

ಸಕ್ಕರೆಗಿಂತ ಮುನ್ನೂರು ಪಟ್ಟು ಸಿಹಿ, ಬೆಲೆ ಕಡಿಮೆ. ಸೇಂಟ್ ಲೂಯಿಸ್‌ನಲ್ಲಿ 1901ರಲ್ಲಿ ಶುರುವಾದ ಒಂದು ಚಿಕ್ಕ ಕಂಪನಿ ಮೊಟ್ಟಮೊದಲು ತಯಾರಿಸಿದ್ದೇ ಸ್ಯಾಕರಿನ್. ಕಂಪನಿಯ ಹೆಸರು ಮಾನ್ಸಾಂಟೊ. ಅದರ ಮೊದಲ ದೊಡ್ಡ ಗಿರಾಕಿಗಳಲ್ಲಿ ಕೋಕಾ-ಕೋಲಾ ಕೂಡ ಇತ್ತು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮಾನ್ಸಾಂಟೊ ಮುಂದೆ ಇನ್ನೊಂದು ಸಲ ಬರುತ್ತದೆ.

ಸ್ಯಾಕರಿನ್ ಮೇಲೆ ಅನುಮಾನವೂ ಅಷ್ಟೇ ಹಳೆಯದು. 1908ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮುಖ್ಯ ಕೆಮಿಸ್ಟ್ ಹಾರ್ವಿ ವೈಲಿ ಶ್ವೇತಭವನಕ್ಕೆ ಹೋಗಿ, ಜನರಿಗೆ ಸಕ್ಕರೆ ಅಂತ ನಂಬಿಸಿ ಡಾಂಬರಿನ ಸರಕು ತಿನ್ನಿಸುತ್ತಿದ್ದಾರೆ, ಇದು ಆರೋಗ್ಯಕ್ಕೆ ಕೆಟ್ಟದ್ದು ಅಂತ ವಾದಿಸಿದ. ಎದುರಿಗೆ ಕೂತಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಅವರ ಡಾಕ್ಟರು ದಿನವೂ ಕೊಡುತ್ತಿದ್ದದ್ದು ಅದನ್ನೇ. ಹಾಗೆ ಹೇಳುವವನು ಮೂರ್ಖ ಅಂತ ಅಧ್ಯಕ್ಷರು ಮುಖಕ್ಕೇ ಹೇಳಿಬಿಟ್ಟರು. ವೈಲಿ ಸೋತ ಅಂತ ಅಲ್ಲ. 1912ರಲ್ಲಿ ಪ್ಯಾಕ್ ಮಾಡಿದ ತಿನಿಸುಗಳಲ್ಲಿ ಸ್ಯಾಕರಿನ್ ಬಳಕೆಗೆ ಕಡಿವಾಣ ಬಿತ್ತು. ಮೊದಲ ಮಹಾಯುದ್ಧ ಬಂದು ಸಕ್ಕರೆ ಸಿಗದೆ ಹೋದಾಗ ಕಡಿವಾಣ ಸಡಿಲವಾಯಿತು. ಸಕ್ಕರೆ ಇಲ್ಲದಾಗ ಸ್ಯಾಕರಿನ್ ಒಳ್ಳೆಯದು, ಸಕ್ಕರೆ ಸಿಕ್ಕಾಗ ಕೆಟ್ಟದ್ದು. ನೂರು ವರ್ಷದ ಜಗಳದ ಧಾಟಿ ಆಗಲೇ ಶುರುವಾಗಿತ್ತು.

ಆದರೆ ಸ್ಯಾಕರಿನ್‌ಗೆ ಒಂದು ನಿಜವಾದ ದೋಷ ಇತ್ತು. ಬಾಯಲ್ಲಿ ಸಿಹಿ ಹೋದ ಮೇಲೆ ಕಬ್ಬಿಣದ ಮೊಳೆ ಚೀಪಿದ ಹಾಗೆ ಒಂದು ಕಹಿ ಉಳಿಯುತ್ತಿತ್ತು. ಮಾತ್ರೆ ರೂಪದಲ್ಲಿ ಕಾಫಿಗೆ ಹಾಕಿಕೊಂಡರೆ ಹೇಗೋ ನುಂಗಬಹುದು, ಸೋಡಾದಲ್ಲಿ ಕಷ್ಟ.

ಸೋಡಾ ಕಥೆ ಶುರುವಾಗುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಹೈಮನ್ ಕಿರ್ಶ್ ಅಲ್ಲಿ 1904ರಿಂದ ಸೋಡಾ ಮಾರುತ್ತಿದ್ದ. ಕೈಗೆ ನಾಲ್ಕು ಕಾಸು ಬಂದ ಮೇಲೆ ದೀರ್ಘಕಾಲದ ಕಾಯಿಲೆಯವರಿಗಾಗಿ ಇದ್ದ ಯಹೂದಿ ಆಸ್ಪತ್ರೆಯೊಂದರ ಆಡಳಿತದಲ್ಲೂ ಕೈಜೋಡಿಸಿದ. ಆ ವಾರ್ಡುಗಳಲ್ಲಿ ಡಯಾಬಿಟಿಸ್‌ನವರು, ಹೃದಯದ ಕಾಯಿಲೆಯವರು ವರ್ಷಗಟ್ಟಲೆ ಮಲಗಿರುತ್ತಿದ್ದರು. ಸೋಡಾ ಮಾರುವವನ ಆಸ್ಪತ್ರೆಯಲ್ಲಿ ಸೋಡಾ ಕುಡಿಯೋಕೆ ಆಗದ ಜನ. ಕಿರ್ಶ್‌ಗೆ, ಅವನ ಮಗ ಮಾರಿಸ್‌ಗೆ ಇವರಿಗೊಂದು ಸೋಡಾ ಮಾಡಿಕೊಡಬೇಕು ಅನ್ನಿಸಿತು. ನಮ್ಮ ಕನ್ನಡದಲ್ಲಿ 'ಅಪ್ಪಂಗೆ ಶುಗರ್ ಇದೆ' ಅಂದರೆ ಕಾಯಿಲೆ ಇದೆ ಅಂತಲೇ ಅರ್ಥ. ಆ ಮನೆಗಳಲ್ಲಿ ಹಬ್ಬದ ದಿನ ಎಲ್ಲರ ಎಲೆಗೂ ಒಬ್ಬಟ್ಟು ಬಿದ್ದು ಒಬ್ಬರ ಎಲೆ ಮಾತ್ರ ಖಾಲಿ ಇರುವುದನ್ನು ಕಂಡವರಿಗೆ ಕಿರ್ಶ್‌ನ ಮನಸ್ಸು ಅರ್ಥವಾಗುತ್ತದೆ.

ಅವನ ಕೈಗೆ ಸಿಕ್ಕಿದ್ದು 952, ಸೈಕ್ಲಮೇಟ್. ಇದರದ್ದೂ ಲ್ಯಾಬಿನ ಗಲೀಜಿನ ಕಥೆಯೇ. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ವೇಡಾ ಎಂಬ ವಿದ್ಯಾರ್ಥಿ ಜ್ವರದ ಔಷಧಿಗೆ ಅಂತ ಏನೋ ಕಾಯಿಸುತ್ತಾ ಸಿಗರೇಟು ಸೇದುತ್ತಿದ್ದ. ಸಿಗರೇಟನ್ನು ಬೆಂಚಿನ ಮೇಲಿಟ್ಟು ಮತ್ತೆ ತುಟಿಗೆ ಇಟ್ಟಾಗ ಅದು ಸಿಹಿಯಾಗಿತ್ತು. ಸಕ್ಕರೆಯ ಸುಮಾರು ಮೂವತ್ತು ಪಟ್ಟು ಸಿಹಿ ಅಷ್ಟೇ, ಆದರೆ ಸ್ಯಾಕರಿನ್‌ನಷ್ಟು ಕಹಿ ಇಲ್ಲ. ಅಬಾಟ್ ಕಂಪನಿ ಇದನ್ನು ಸುಕಾರಿಲ್ ಅನ್ನುವ ಹೆಸರಲ್ಲಿ ಮಾರತೊಡಗಿತು. ಹೃದಯದ ರೋಗಿಗಳಿಗೆ ಸೋಡಿಯಂ ಆಗಿಬರುವುದಿಲ್ಲ ಅಂತ ಕಿರ್ಶ್ ಕ್ಯಾಲ್ಸಿಯಂ ಸೈಕ್ಲಮೇಟ್ ಆರಿಸಿಕೊಂಡ. 1952ರಲ್ಲಿ 'ನೋ-ಕ್ಯಾಲ್' ಅಂತ ಒಂದು ಜಿಂಜರ್ ಏಲ್ ಬಂತು. ಆಮೇಲೆ ರೂಟ್ ಬಿಯರ್, ಚೆರ್ರಿ, ಹೀಗೆ ರುಚಿಗಳು ಸೇರುತ್ತಾ ಹೋದವು.

ಆಸ್ಪತ್ರೆಗೆ ಅಂತ ಮಾಡಿದ ಸೋಡಾ ಅಂಗಡಿಗೆ ಬಂದಾಗ ಕೊಂಡವರಲ್ಲಿ ರೋಗಿಗಳಿಗಿಂತ ತೂಕದ ಚಿಂತೆಯವರೇ ಜಾಸ್ತಿ ಕಂಡರು. ಜಾಹೀರಾತು ಎತ್ತ ತಿರುಗಿತು ಅಂತ ಬೇರೆ ಹೇಳಬೇಕಿಲ್ಲ. ಕೆಲವೇ ವರ್ಷದಲ್ಲಿ ನೋ-ಕ್ಯಾಲ್ ಪೋಸ್ಟರಿನಲ್ಲಿ ಹಾಲಿವುಡ್ ನಟಿ ಕಿಮ್ ನೊವಾಕ್ ನಿಂತಿದ್ದಳು. ಡಯಾಬಿಟಿಸ್ ಅನ್ನುವ ಪದ ಹಿಂದಕ್ಕೆ ಸರಿಯಿತು. ನನ್ನ ಮಟ್ಟಿಗೆ ಈ ಪಾನೀಯದ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಇದೇ, ಲ್ಯಾಬಿನಲ್ಲಿ ಆದ ಯಾವುದೂ ಅಲ್ಲ. 'ಕುಡಿಯೋಕೆ ಆಗದವರು' ಕುಡಿಯಲಿ ಅಂತ ಹುಟ್ಟಿದ್ದು 'ಕುಡಿಯಬಾರದು ಅಂತ ತಮಗೆ ತಾವೇ ಹೇಳಿಕೊಂಡವರ' ಪಾನೀಯ ಆಯಿತು.

1958ರಲ್ಲಿ ಅಮೆರಿಕ ಆಹಾರ ಕಾನೂನಿಗೆ ಒಂದು ದೊಡ್ಡ ತಿದ್ದುಪಡಿ ತಂದಿತು. ಅದರಲ್ಲಿ ನಮ್ಮ ಕಥೆಗೆ ಬೇಕಾದವು ಎರಡು. ಬಹಳ ಕಾಲದಿಂದ ಬಳಕೆಯಲ್ಲಿರುವ, ಸುರಕ್ಷಿತ ಅಂತ ಎಲ್ಲರೂ ಒಪ್ಪಿದ ವಸ್ತುಗಳಿಗೆ ಹೊಸ ಪರೀಕ್ಷೆ ಬೇಡ ಅಂತ ಒಂದು ಪಟ್ಟಿ. ಸೈಕ್ಲಮೇಟ್, ಸ್ಯಾಕರಿನ್ ಎರಡೂ ಆ ಪಟ್ಟಿ ಸೇರಿಕೊಂಡವು. ಇನ್ನೊಂದು, ನ್ಯೂಯಾರ್ಕಿನ ಸಂಸದ ಜೇಮ್ಸ್ ಡಿಲೇನಿ ಹಟ ಹಿಡಿದು ಸೇರಿಸಿದ ಒಂದು ಕಲಮು: ಮನುಷ್ಯನಲ್ಲಾಗಲಿ ಪ್ರಾಣಿಯಲ್ಲಾಗಲಿ ಕ್ಯಾನ್ಸರ್ ತರುತ್ತದೆ ಅಂತ ಕಂಡುಬಂದ ಯಾವ ಸೇರ್ಪಡೆಯನ್ನೂ ಸುರಕ್ಷಿತ ಅಂತ ಒಪ್ಪುವಂತಿಲ್ಲ. ಎಷ್ಟು ತಿಂದರೆ, ಎಷ್ಟು ದಿನ ತಿಂದರೆ ಅನ್ನುವ ಪ್ರಶ್ನೆಯೇ ಅದರಲ್ಲಿ ಇಲ್ಲ. ಪಟ್ಟಿ ಬಾಗಿಲು ತೆಗೆಯಿತು, ಕಲಮು ಬಾಗಿಲ ಹಿಂದೆ ಕಾಯುತ್ತಾ ಕೂತಿತ್ತು.

ತೆರೆದ ಬಾಗಿಲಿನಿಂದ ಮೊದಲು ಒಳಗೆ ಬಂದದ್ದು ಜಾರ್ಜಿಯಾದ ರಾಯಲ್ ಕ್ರೌನ್ ಕಂಪನಿಯ ಡಯಟ್ ರೈಟ್. 1958ರಲ್ಲಿ ಪಥ್ಯದ ವಸ್ತುವಾಗಿ ಶುರುವಾಗಿ 1962ರಲ್ಲಿ ಮಾಮೂಲಿ ಕೋಲಾದಂತೆ ದೇಶದ ಉದ್ದಗಲಕ್ಕೂ ಹರಡಿತು. ದೊಡ್ಡವರಿಬ್ಬರಿಗೂ ನಿದ್ದೆ ಹೋಯಿತು. ಮರುವರ್ಷವೇ ಪೆಪ್ಸಿ 'ಪ್ಯಾಟಿಯೋ ಡಯಟ್ ಕೋಲಾ' ತಂದು, 1964ರಲ್ಲಿ ಹೆಸರು ಬದಲಿಸಿ ಡಯಟ್ ಪೆಪ್ಸಿ ಮಾಡಿತು. ಕೋಕಾ-ಕೋಲಾದವರು 1963ರಲ್ಲಿ ತಂದದ್ದು ಟ್ಯಾಬ್.

ಟ್ಯಾಬ್ ಅಂತ ಹೆಸರು ಯಾಕೆ? ಕೋಕಾ-ಕೋಲಾ ಅನ್ನುವ ಹೆಸರನ್ನು ಸಕ್ಕರೆ ಇಲ್ಲದ ಯಾವುದಕ್ಕೂ ಇಡೋಕೆ ಕಂಪನಿಯ ಹಿರಿಯರು ತಯಾರಿರಲಿಲ್ಲ. ಆ ಹೆಸರಿಗೆ ಒಂದೇ ಪಾನೀಯ, ಒಂದೇ ರುಚಿ. ಅದಕ್ಕೇ ಐಬಿಎಂ 1401 ಕಂಪ್ಯೂಟರಿಗೆ ಮೂರು ನಾಲ್ಕು ಅಕ್ಷರದ ಪದಗಳನ್ನು ಹುಟ್ಟಿಸಲು ಹೇಳಿದರು. ಅದು ಲಕ್ಷಗಟ್ಟಲೆ ಪದ ಕಕ್ಕಿತು. ಅದರಲ್ಲಿ ಅರ್ಥ ಬರುವವು, ಕೆಟ್ಟ ಅರ್ಥ ಬರದವು, ಬೇರೆಯವರು ಹಿಡಿದುಕೊಳ್ಳದೆ ಇರುವವು ಅಂತ ಸೋಸಿ ಸೋಸಿ ಕೊನೆಗೆ ಉಳಿದದ್ದು ಟ್ಯಾಬ್. ತೂಕದ ಮೇಲೆ ಒಂದು ಕಣ್ಣಿಟ್ಟಿರುವುದು ಅನ್ನುವ ಧ್ವನಿ ಇಂಗ್ಲಿಷಿನಲ್ಲಿ ಅದಕ್ಕಿದೆ. ಎ.ಐ.ಗೆ ಸ್ಟಾರ್ಟಪ್ ಹೆಸರು ಕೇಳುವ ನಮ್ಮ ಕಾಲದವರಿಗೆ ಇದು ಹೊಸದೇನಲ್ಲ ಬಿಡಿ.

ಒಳಗಿದ್ದದ್ದು ಸೈಕ್ಲಮೇಟ್ ಹತ್ತು ಪಾಲು, ಸ್ಯಾಕರಿನ್ ಒಂದು ಪಾಲು. ಆ ಕಾಲದ ಡಯಟ್ ಕೋಲಾಗಳ ಮಾಮೂಲಿ ಹದ ಇದು. ಎರಡನ್ನೂ ಬೆರೆಸಿದರೆ ಒಂದೊಂದೇ ಇರುವುದಕ್ಕಿಂತ ರುಚಿ ಚೆನ್ನಾಗಿರುತ್ತದೆ ಅಂತ ಅನುಭವದಿಂದ ಕಂಡುಕೊಂಡಿದ್ದರು, ಯಾಕೆ ಅಂತ ಗೊತ್ತಿರಲಿಲ್ಲ. ಕಾರಣ ಸಿಕ್ಕಿದ್ದು ಅರ್ಧ ಶತಮಾನದ ನಂತರ, 2017ರಲ್ಲಿ. ನಾಲಿಗೆಯಲ್ಲಿ ಕಹಿ ಹಿಡಿಯುವ ಗ್ರಾಹಕಗಳಿವೆಯಲ್ಲ, ಸ್ಯಾಕರಿನ್‌ನ ಕಹಿಯನ್ನು ಹಿಡಿಯುವ ಗ್ರಾಹಕವನ್ನು ಸೈಕ್ಲಮೇಟ್ ಮುಚ್ಚುತ್ತದೆ, ಸೈಕ್ಲಮೇಟ್‌ನ ಕಹಿ ಹಿಡಿಯುವುದನ್ನು ಸ್ಯಾಕರಿನ್ ಮುಚ್ಚುತ್ತದೆ ಅಂತ ಜರ್ಮನಿಯ ಸಂಶೋಧಕರು ತೋರಿಸಿದರು. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿ ಸಂಸಾರ ತೂಗಿಸುವ ಗಂಡ ಹೆಂಡತಿಯ ಹಾಗೆ. ಈ ಮಿಶ್ರಣ ಸಕ್ಕರೆಗಿಂತ ಅಗ್ಗವೂ ಆಗಿತ್ತು. ಕಂಪನಿಗಳ ಉತ್ಸಾಹಕ್ಕೆ ಜನರ ಆರೋಗ್ಯವೊಂದೇ ಕಾರಣ ಅಂತ ಯಾರೂ ತಿಳಿಯಬೇಕಿಲ್ಲ.

ಟ್ಯಾಬ್‌ನ ಜಾಹೀರಾತುಗಳನ್ನು ಈಗ ನೋಡಿದರೆ ಮುಜುಗರ ಆಗುತ್ತದೆ. ಗಂಡನಿಗೆ ನಿಮ್ಮ ಮೈಕಟ್ಟು ಮರೆತುಹೋಗದ ಹಾಗೆ ನೋಡಿಕೊಳ್ಳಿ, ಅದಕ್ಕೆ ಟ್ಯಾಬ್ ಕುಡಿಯಿರಿ ಅನ್ನುವ ದಾಟಿ. ಕ್ಯಾನು ಗುಲಾಬಿ ಬಣ್ಣದ್ದು. ಬ್ರೂಕ್ಲಿನ್‌ನ ವಾರ್ಡಿನಲ್ಲಿ ಮಲಗಿದ್ದ ಮುದುಕರಿಗೂ ಇದಕ್ಕೂ ಈಗ ಏನೂ ಸಂಬಂಧ ಉಳಿದಿರಲಿಲ್ಲ.

ಕಾಯುತ್ತಾ ಕೂತಿದ್ದ ಕಲಮು 1969ರಲ್ಲಿ ಎದ್ದು ಬಂತು. ಆಹಾರ ಮತ್ತು ಔಷಧ ಇಲಾಖೆಯ ವಿಜ್ಞಾನಿ ಜಾಕ್ವೆಲಿನ್ ವೆರೆಟ್ ಮೊಟ್ಟೆಗಳಿಗೆ ಸೈಕ್ಲಮೇಟ್ ಚುಚ್ಚಿ ಪ್ರಯೋಗ ಮಾಡಿದ್ದರು. ಅಂಗವಿಕಲ ಕೋಳಿಮರಿಗಳನ್ನು ಅಕ್ಟೋಬರಿನಲ್ಲಿ ಟೀವಿಯಲ್ಲಿ ತೋರಿಸಿಯೇಬಿಟ್ಟರು. ಅದೇ ಹೊತ್ತಿಗೆ ಸೈಕ್ಲಮೇಟ್ ತಯಾರಿಸುವ ಅಬಾಟ್ ಕಂಪನಿಯೇ ದುಡ್ಡು ಕೊಟ್ಟು ಮಾಡಿಸಿದ್ದ ಇನ್ನೊಂದು ಅಧ್ಯಯನದ ಫಲ ಬಂತು. ಹತ್ತಕ್ಕೆ ಒಂದರ ಮಿಶ್ರಣವನ್ನು ದೊಡ್ಡ ಪ್ರಮಾಣದಲ್ಲಿ ತಿಂದ 240 ಇಲಿಗಳಲ್ಲಿ 8ಕ್ಕೆ ಮೂತ್ರಕೋಶದಲ್ಲಿ ಗಡ್ಡೆ. ಮನುಷ್ಯರ ಲೆಕ್ಕಕ್ಕೆ ತಂದರೆ ದಿನಕ್ಕೆ ನೂರಾರು ಕ್ಯಾನು ಕುಡಿದಂತೆ. ಆದರೆ ಕಾನೂನು ಲೆಕ್ಕ ಕೇಳುವಂತಿರಲಿಲ್ಲ. ಅಕ್ಟೋಬರ್ 18ರಂದು ಆರೋಗ್ಯ ಇಲಾಖೆಯ ಮಂತ್ರಿ ರಾಬರ್ಟ್ ಫಿಂಚ್ ಸೈಕ್ಲಮೇಟ್‌ಗೆ ನಿಷೇಧ ಘೋಷಿಸಿದರು. ನನಗೆ ಇಲ್ಲಿ ಒಂದು ವಿಷಯ ಕುತೂಹಲ ಹುಟ್ಟಿಸುತ್ತದೆ: ಇಲಿಗಳು ತಿಂದದ್ದು ಮಿಶ್ರಣವನ್ನು, ಹೊರಗೆ ಹೋದದ್ದು ಒಂದೇ. ಇನ್ನೊಂದು, ಅಂದರೆ ಸ್ಯಾಕರಿನ್, ಮಾತ್ರ ಕುರ್ಚಿಯಲ್ಲೇ ಉಳಿಯಿತು.

ಕಂಪನಿಗಳು ರಾತ್ರೋರಾತ್ರಿ ಹದ ಬದಲಿಸಬೇಕಾಯಿತು. ಸ್ಯಾಕರಿನ್ ಒಂದನ್ನೇ ಹಾಕಿದರೆ ಆ ಹಳೇ ಮೊಳೆ ರುಚಿ ತಿರುಗಿ ಬಂತು. ಕೆಲವರು ಸ್ವಲ್ಪ ಸಕ್ಕರೆಯನ್ನೇ ಸೇರಿಸಿ ಕ್ಯಾಲೊರಿ ಕಡಿಮೆ ಅಂತ ಮಾರಿ ನೋಡಿದರು. ಟ್ಯಾಬ್ ಆ ಕಹಿಯ ಜೊತೆಗೇ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಆ ದಶಕದಲ್ಲಿ ಡಯಟ್ ಸೋಡಾಗಳಿಗೆಲ್ಲ ಅದೇ ರಾಣಿ. ಕುಡಿದು ಕುಡಿದು ಆ ಕಹಿಯೇ ಅದರ ಗುರುತಾಗಿ ಹೋಯಿತು. ಮೊದಲ ಗುಟುಕಿಗೆ ಫಿಲ್ಟರ್ ಕಾಫಿಯ ಕಹಿ ಯಾರಿಗೆ ಹಿಡಿಸುತ್ತೆ ಹೇಳಿ?

ಮುಂದಿನ ಸರದಿ ಸ್ಯಾಕರಿನ್‌ದೇ. 1977ರ ಮಾರ್ಚಿನಲ್ಲಿ ಕೆನಡಾದ ಅಧ್ಯಯನವೊಂದು ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತು ಅಂದಿತು. ಇಲಿಗಳ ಆಹಾರದಲ್ಲಿ ನೂರಕ್ಕೆ ಐದು ಪಾಲು ಸ್ಯಾಕರಿನ್. ದಿನಕ್ಕೆ ಸುಮಾರು ಎಂಟುನೂರು ಕ್ಯಾನು ಡಯಟ್ ಸೋಡಾಕ್ಕೆ ಸಮ ಅಂತ ಇಲಾಖೆಯೇ ಲೆಕ್ಕ ಹೇಳಿ, ಆದರೂ ಕಾನೂನಿನ ಪ್ರಕಾರ ನಿಷೇಧಿಸಲೇಬೇಕು ಅಂದಿತು. ಟೀವಿ ಹಾಸ್ಯಗಾರರಿಗೆ ಹಬ್ಬ.

ಜನರಿಗೆ ಮಾತ್ರ ಅದು ಹಾಸ್ಯ ಆಗಿರಲಿಲ್ಲ. ಸೈಕ್ಲಮೇಟ್ ಆಗಲೇ ಹೋಗಿತ್ತು, ಬೇರೆ ಯಾವುದಕ್ಕೂ ಅನುಮತಿ ಇರಲಿಲ್ಲ. ಸ್ಯಾಕರಿನ್ ಹೋದರೆ ಡಯಾಬಿಟಿಸ್ ಇರುವ ಮಗುವಿಗೆ ಬರ್ತ್‌ಡೇ ದಿನ ಕೊಡೋಕೆ ಒಂದು ಲೋಟ ಸೋಡಾ ಕೂಡ ಉಳಿಯುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕಿರ್ಶ್ ಯಾರಿಗಾಗಿ ಸೋಡಾ ಮಾಡಿದ್ದನೋ ಆ ರೋಗಿಗಳು ಮತ್ತೆ ಮುಂದೆ ಬಂದರು, ಅವರ ಜೊತೆಗೆ ಡಯಟ್ ಮಾಡುವ ಹೆಂಗಸರೂ. ಅಮೆರಿಕನ್ ಸಂಸತ್ತಿಗೆ ಲಕ್ಷಗಟ್ಟಲೆ ಪತ್ರಗಳು ಬಂದವು. ಅಂಗಡಿಗಳಲ್ಲಿ ಸ್ಯಾಕರಿನ್‌ನ ಗುಲಾಬಿ ಪೊಟ್ಟಣಗಳನ್ನು ಜನ ಡಬ್ಬಗಟ್ಟಲೆ ಕೊಂಡು ಬಚ್ಚಿಟ್ಟರು. (ಸ್ವೀಟ್ ಎನ್ ಲೋ ಅನ್ನುವ ಆ ಪೊಟ್ಟಣ ಕೂಡ ಬ್ರೂಕ್ಲಿನ್‌ನದೇ. ಆ ಊರಿನ ನೀರಲ್ಲೇ ಏನೋ ಇರಬೇಕು.) ಸರ್ಕಾರ 'ಇದು ವಿಷ, ಕಿತ್ತುಕೊಳ್ಳುತ್ತೇವೆ' ಅಂದರೆ ಜನ 'ನಮ್ಮ ವಿಷ ನಮಗೆ ಬಿಡಿ' ಅಂದರು. ಇದನ್ನು ಮೂಢತನ ಅನ್ನೋದು ಸುಲಭ. ಎಂಟುನೂರು ಕ್ಯಾನಿನ ಲೆಕ್ಕ ಓದಿದ, ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ದಿನಾ ನೋಡುವ ತಾಯಿಗೆ ಅದು ಮೂಢತನ ಅನ್ನಿಸಿರಲಾರದು. ಸಕ್ಕರೆಯಿಂದ ಆಗುವ ಅಪಾಯ ಅವಳಿಗೆ ಕಣ್ಣೆದುರು ಇತ್ತು, ಸ್ಯಾಕರಿನ್‌ನದು ಇಲಿಯ ಹೊಟ್ಟೆಯಲ್ಲಿತ್ತು.

ನವೆಂಬರಿನಲ್ಲಿ ಸಂಸತ್ತು ಒಂದು ವಿಚಿತ್ರ ರಾಜಿ ಮಾಡಿತು. ನಿಷೇಧವನ್ನು ಹದಿನೆಂಟು ತಿಂಗಳು ತಡೆಹಿಡಿಯುವುದು, ಅಷ್ಟರಲ್ಲಿ ಇನ್ನಷ್ಟು ಅಧ್ಯಯನ. ಅಲ್ಲಿಯವರೆಗೆ ಕ್ಯಾನಿನ ಮೇಲೆ, ಇದರ ಬಳಕೆ ನಿಮ್ಮ ಆರೋಗ್ಯಕ್ಕೆ ಅಪಾಯ ತರಬಹುದು, ಸ್ಯಾಕರಿನ್ ಪ್ರಯೋಗಾಲಯದ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದಿದೆ ಅನ್ನುವ ಅರ್ಥದ ಎಚ್ಚರಿಕೆ. ಹದಿನೆಂಟು ತಿಂಗಳು ಮುಗಿದಾಗ ಮತ್ತೆ ಮುಂದೂಡಿದರು, ಆಮೇಲೆ ಮತ್ತೆ. ಎಚ್ಚರಿಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕ್ಯಾನಿನ ಮೇಲೆ ಉಳಿಯಿತು. ಅದನ್ನು ಓದಿಯೂ ಜನ ಟ್ಯಾಬ್ ಕುಡಿದರು.

ಅದೇ 1977ರಲ್ಲಿ ನಮ್ಮಲ್ಲಿ ಬೇರೆಯೇ ಕೋಲಾ ಜಗಳ. ವಿದೇಶಿ ಕಂಪನಿಗಳು ತಮ್ಮ ಷೇರು ಪಾಲನ್ನು ಇಳಿಸಬೇಕು ಅನ್ನುವ ಕಾನೂನಿನ ವಿಷಯದಲ್ಲಿ ಜನತಾ ಸರ್ಕಾರಕ್ಕೂ ಕೋಕಾ-ಕೋಲಾಗೂ ಹೊಂದಲಿಲ್ಲ. ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಿನವರೇ, ಜಾರ್ಜ್ ಫರ್ನಾಂಡಿಸ್. ಕೋಕ್ ಗಂಟುಮೂಟೆ ಕಟ್ಟಿತು. ಆ ಜಾಗಕ್ಕೆ ಸರ್ಕಾರ ತಂದ 'ಡಬಲ್ ಸೆವೆನ್' ಕೋಲಾದ ಹದ ತಯಾರಾದದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ. ಅಲ್ಲಿ ಸಕ್ಕರೆ ತೆಗೆಯುವ ಜಗಳ, ಇಲ್ಲಿ ಕೋಕ್ ತೆಗೆಯುವ ಜಗಳ. ಕೋಕ್ ತಿರುಗಿ ಬಂದದ್ದು 1993ರಲ್ಲಿ. ಹಾಗಾಗಿ ಡಯಟ್ ಕೋಲಾ ನಮ್ಮ ಫ್ರಿಜ್‌ಗೆ ಬರುವ ಹೊತ್ತಿಗೆ ಈ ಸ್ಯಾಕರಿನ್ ಕಾಲ ಪೂರ್ತಿ ಮುಗಿದಿತ್ತು, ನಾವು ನೇರವಾಗಿ 951ರ ಕಾಲಕ್ಕೆ ಬಂದು ಇಳಿದೆವು.

951, ಆಸ್ಪರ್ಟೇಮ್. 1965ರ ಡಿಸೆಂಬರಿನಲ್ಲಿ ಸರ್ಲ್ ಎಂಬ ಔಷಧ ಕಂಪನಿಯಲ್ಲಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಿಗೆ ಪ್ರಯೋಗ ಮಾಡುತ್ತಿದ್ದ. ಕಾಗದ ಎತ್ತಲು ಬೆರಳು ನೆಕ್ಕಿದ, ಸಿಹಿ. (ಎರಡು ವರ್ಷದ ನಂತರ ಜರ್ಮನಿಯಲ್ಲಿ ಕಾರ್ಲ್ ಕ್ಲಾಸ್ ಕಾಗದ ಎತ್ತಲು ಬೆರಳು ನೆಕ್ಕಿಯೇ 950 ಕಂಡುಹಿಡಿದ. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ಸಂಶೋಧಕನಿಗೆ ಗುರುಗಳು ಆ ಪುಡಿಯನ್ನು 'ಟೆಸ್ಟ್' ಮಾಡು ಅಂದದ್ದು 'ಟೇಸ್ಟ್' ಮಾಡು ಅಂತ ಕೇಳಿಸಿ, ಬಾಯಿಗೆ ಹಾಕಿಕೊಂಡು 955 ಸಿಕ್ಕಿತು ಅನ್ನುವ ಕಥೆ ಪ್ರಸಿದ್ಧ. ಕ್ಲೋರಿನ್ ಸೇರಿಸಿದ ಪುಡಿಯನ್ನು ಹೀಗೆ ನೆಕ್ಕಿ ಬದುಕಿದ್ದು ಅವರ ಪುಣ್ಯ, ನಮ್ಮ ಡಯಟ್ ಉದ್ಯಮದ ಪುಣ್ಯವೂ ಹೌದು.)

ಆಸ್ಪರ್ಟೇಮ್‌ಗೆ ಕಹಿ ಇಲ್ಲ, ಸಕ್ಕರೆಗೆ ತೀರಾ ಹತ್ತಿರದ ಸಿಹಿ, ಸುಮಾರು ಇನ್ನೂರು ಪಟ್ಟು. ಎರಡು ಅಮೈನೊ ಆಮ್ಲಗಳನ್ನು ಹೊಲಿದು ಮಾಡಿದ್ದು, ಹೊಟ್ಟೆಯಲ್ಲಿ ಒಡೆದುಹೋಗುತ್ತದೆ. ಅದರಲ್ಲಿ ಒಂದಾದ ಫೀನೈಲ್ ಅಲನಿನ್ ಅನ್ನು ಅರಗಿಸಿಕೊಳ್ಳಲಾಗದ ಅಪರೂಪದ ಹುಟ್ಟುಕಾಯಿಲೆ ಒಂದಿದೆ, ಫೀನೈಲ್‌ಕೀಟೋನೂರಿಯಾ ಅಂತ. ಕ್ಯಾನಿನ ಮೇಲಿನ ಆ ಉದ್ದನೆಯ ಎಚ್ಚರಿಕೆ ಅವರಿಗೆ. 1974ರಲ್ಲೇ ಸಿಕ್ಕ ಅನುಮತಿ, ಸರ್ಲ್ ನಡೆಸಿದ ಪರೀಕ್ಷೆಗಳ ಗುಣಮಟ್ಟದ ಬಗ್ಗೆ ತಕರಾರು ಬಂದು ನಿಂತುಹೋಯಿತು. 1980ರಲ್ಲಿ ವಿಚಾರಣಾ ಮಂಡಳಿಯೊಂದು ಈಗಲೇ ಅನುಮತಿ ಬೇಡ ಅಂದಿತು. ಮರುವರ್ಷ ರೇಗನ್ ಸರ್ಕಾರ ಬಂತು, ಹೊಸ ಆಯುಕ್ತ ಆರ್ಥರ್ ಹಲ್ ಹೇಯ್ಸ್ ಬಂದರು, ಅನುಮತಿ ಸಿಕ್ಕಿತು. ಆಗ ಸರ್ಲ್‌ನ ಮುಖ್ಯಸ್ಥ ಡೊನಾಲ್ಡ್ ರಮ್ಸ್‌ಫೆಲ್ಡ್, ಇರಾಕ್ ಯುದ್ಧದ ರಮ್ಸ್‌ಫೆಲ್ಡೇ. ಆಸ್ಪರ್ಟೇಮ್ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಎಷ್ಟೋ ಕಥೆಗಳ ಬೇರು ಇಲ್ಲಿದೆ. ನಂತರ ನೂರಕ್ಕೂ ಹೆಚ್ಚು ದೇಶಗಳು ಅದನ್ನು ಪರಿಶೀಲಿಸಿ ಒಪ್ಪಿದರೂ, ಶುರುವಿನಲ್ಲಿ ಬಿದ್ದ ಅನುಮಾನದ ಕಲೆ ಅಳಿಸಲಿಲ್ಲ. 1985ರಲ್ಲಿ ಸರ್ಲ್ ಅನ್ನು ಕೊಂಡದ್ದು ಮಾನ್ಸಾಂಟೊ. 954ರಿಂದ ಶುರು ಮಾಡಿದವರು 951ಕ್ಕೆ ಬಂದರು.

ಈ ನಡುವೆ ಕೋಕಾ-ಕೋಲಾದಲ್ಲಿ ರಾಬರ್ಟೊ ಗೊಯಿಸೂಯೆಟ ಅಧಿಕಾರಕ್ಕೆ ಬಂದು, ಹಿರಿಯರು ಮುಟ್ಟದೆ ಇಟ್ಟಿದ್ದ ಹೆಸರನ್ನು ಮುಟ್ಟಿದರು. 1982ರಲ್ಲಿ ಡಯಟ್ ಕೋಕ್ ಬಂತು. ಶುರುವಿನಲ್ಲಿ ಅದರಲ್ಲಿ ಇದ್ದದ್ದು ಸ್ಯಾಕರಿನ್ನೇ. ಸೋಡಾಗಳಲ್ಲಿ ಆಸ್ಪರ್ಟೇಮ್‌ಗೆ 1983ರಲ್ಲಿ ಅನುಮತಿ ಬಂದ ಮೇಲೆ ಮೊದಲು ಎರಡನ್ನೂ ಬೆರೆಸಿದರು, ಆಮೇಲೆ ಪೂರ್ತಿ ಆಸ್ಪರ್ಟೇಮ್. ಡಯಟ್ ಕೋಕ್ ಅಂದರೆ ಸಕ್ಕರೆ ತೆಗೆದ ಕೋಕ್ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದರ ಫ್ಲೇವರಿನ ಹದವೇ ಬೇರೆ, ಕೆಫೀನೂ ಕೋಕ್‌ಗಿಂತ ಹೆಚ್ಚು. ಅದು ಎಷ್ಟು ಗೆದ್ದಿತೆಂದರೆ ಅದೇ ಹದಕ್ಕೆ ಸಿಹಿ ಪಾಕ ಸೇರಿಸಿ 1985ರಲ್ಲಿ 'ನ್ಯೂ ಕೋಕ್' ಮಾಡಿದರು. ಅದು ಮುಗ್ಗರಿಸಿದ ಕಥೆಯನ್ನು ಎಂಬಿಎ ಮಾಡಿದವರೆಲ್ಲ ಒಮ್ಮೆ ಓದಿಯೇ ಇರುತ್ತಾರೆ.

ಸ್ವಂತ ತಂಗಿಯೇ ಟ್ಯಾಬ್‌ನ ಮಾರುಕಟ್ಟೆ ನುಂಗಿದಳು. ಆದರೂ ಒಂದಿಷ್ಟು ಹಟಮಾರಿ ಗಿರಾಕಿಗಳು ಉಳಿದರು. ಅದಕ್ಕೆ ಸ್ವಲ್ಪ ಆಸ್ಪರ್ಟೇಮ್ ಬೆರೆಸಿದರೂ ಸ್ಯಾಕರಿನ್ ತೆಗೆಯಲಿಲ್ಲ, ತೆಗೆದರೆ ಅದು ಟ್ಯಾಬ್ ಆಗುತ್ತಿರಲಿಲ್ಲ.

ಆಸ್ಪರ್ಟೇಮ್‌ಗೂ ಒಂದು ತೊಂದರೆ ಇದೆ, ಅದು ನಮ್ಮಂಥ ಬಿಸಿಲಿನ ಊರಿಗೆ ಮುಖ್ಯ. ಹುಳಿ ಪಾನೀಯದಲ್ಲಿ, ಬಿಸಿಯಲ್ಲಿ ಅದು ನಿಧಾನವಾಗಿ ಒಡೆಯುತ್ತದೆ. ಗೋಡೌನಿನಲ್ಲೋ ಲಾರಿಯಲ್ಲೋ ಬೆಂದು ತಿಂಗಳುಗಟ್ಟಲೆ ಹಳಸಿದ ಡಯಟ್ ಕೋಲಾ ಸಪ್ಪೆ ಹೊಡೆಯುವುದು ಇದಕ್ಕೇ. ಅಪಾಯವಲ್ಲ, ಸಿಹಿ ಕಮ್ಮಿ ಆಗುತ್ತದೆ ಅಷ್ಟೇ. 950 ಬಿಸಿಗೆ ಜಗ್ಗುವುದಿಲ್ಲ, ಆದರೆ ಒಂಟಿಯಾಗಿ ಹಾಕಿದರೆ ಕಹಿ. ಆದ್ದರಿಂದ ಎರಡನ್ನೂ ಜೋಡಿ ಮಾಡುತ್ತಾರೆ. 2005ರಲ್ಲಿ ಬಂದ ಕೋಕ್ ಜೀರೋದಲ್ಲಿ ಈ ಜೋಡಿಯೇ. ಅದರ ಕ್ಯಾನು ಕಪ್ಪಾಗಿತ್ತು. ಡಯಟ್ ಅನ್ನುವ ಪದ ಹೆಂಗಸರದ್ದು ಅಂತ ಗಂಡಸರು ದೂರ ನಿಲ್ಲುತ್ತಿದ್ದರು, ಅವರಿಗಾಗಿ ಪದವನ್ನೂ ಬಣ್ಣವನ್ನೂ ಬದಲಿಸಿದ್ದು. ನಲವತ್ತು ವರ್ಷ ಗುಲಾಬಿಗೆ ಸುರಿದ ಜಾಹೀರಾತಿನ ಸಾಲ ತೀರಿಸೋಕೆ ಕಪ್ಪು ಬಣ್ಣ ಬೇಕಾಯಿತು.

ಇತ್ತ ಇಲಿಗಳ ಲೆಕ್ಕ ನಿಧಾನವಾಗಿ ಬಗೆಹರಿಯಿತು. ಗಂಡು ಇಲಿಯ ಮೂತ್ರ ಮನುಷ್ಯರದರ ಹಾಗಲ್ಲ. ಅಷ್ಟೊಂದು ಸ್ಯಾಕರಿನ್ ತಿಂದಾಗ ಅದರಲ್ಲಿ ಸಣ್ಣ ಹರಳುಗಳು ಕಟ್ಟಿ, ಮೂತ್ರಕೋಶದ ಒಳಪದರವನ್ನು ಕೆರೆದು ಕೆರೆದು ಗಡ್ಡೆ ಆಗುತ್ತದೆ. ಮನುಷ್ಯರಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಅಮೆರಿಕ ಸ್ಯಾಕರಿನ್ ಅನ್ನು ಕ್ಯಾನ್ಸರ್ ಪಟ್ಟಿಯಿಂದ ತೆಗೆಯಿತು, ಕ್ಯಾನಿನ ಮೇಲಿನ ಎಚ್ಚರಿಕೆಯೂ ಹೋಯಿತು. ಸ್ಯಾಕರಿನ್‌ಗೆ ಬಿಡುಗಡೆ ಸಿಕ್ಕಾಗ ಅದು ಬೇಕಾದವರೇ ಹೆಚ್ಚು ಉಳಿದಿರಲಿಲ್ಲ.

ಆಸ್ಪರ್ಟೇಮ್ ಸರದಿ ನಡೆಯುತ್ತಲೇ ಇದೆ. ಜನ ಹೆದರುತ್ತಾರೆ ಅಂತ ಪೆಪ್ಸಿ 2015ರಲ್ಲಿ ಅಮೆರಿಕದ ಡಯಟ್ ಪೆಪ್ಸಿಯಿಂದ ಅದನ್ನು ತೆಗೆದು ಸುಕ್ರಲೋಸ್ ಹಾಕಿತು. ಬೇಡ ಅಂದಿದ್ದ ಜನರೇ ಹೊಸ ರುಚಿ ಬೇಡ ಅಂದರು. ಮರುವರ್ಷ ಹಳೆಯದನ್ನೂ ಜೊತೆಗೆ ಮಾರಬೇಕಾಯಿತು, 2018ಕ್ಕೆ ಆಸ್ಪರ್ಟೇಮ್ ಪೂರ್ತಿ ವಾಪಸ್. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಅನ್ನುವ 2ಬಿ ಗುಂಪಿಗೆ ಸೇರಿಸಿತು. ಅದೇ ದಿನ ಅದೇ ಸಂಸ್ಥೆಯ ಆಹಾರ ತಜ್ಞರ ಸಮಿತಿ, ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 40 ಮಿಲಿಗ್ರಾಂ ಅನ್ನುವ ಹಳೇ ಮಿತಿಯನ್ನು ಬದಲಿಸಬೇಕಿಲ್ಲ ಅಂದಿತು. 70 ಕೆ.ಜಿ. ತೂಗುವವರು ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನಿಗಿಂತ ಹೆಚ್ಚು ಕುಡಿಯಬೇಕು. ಒಂದು ಸಮಿತಿ ಹೇಳಿದ್ದು ಅಪಾಯ ಇರಬಹುದಾ ಅಂತ, ಇನ್ನೊಂದು ಹೇಳಿದ್ದು ಎಷ್ಟು ತಿಂದರೆ ಅಂತ. ಪೇಪರಿನ ಹೆಡ್‌ಲೈನಿಗೆ ಮೊದಲನೆಯದು ಸಾಕಾಯಿತು. ಡಿಲೇನಿಯ ಕಲಮು ಕೇಳದೆ ಬಿಟ್ಟ 'ಎಷ್ಟು' ಅನ್ನುವ ಪ್ರಶ್ನೆಯನ್ನು ನಾವು ಇನ್ನೂ ಸರಿಯಾಗಿ ಕೇಳೋಕೆ ಕಲಿತಿಲ್ಲ ಅನ್ನಿಸುತ್ತದೆ. ಇಷ್ಟೆಲ್ಲ ಗದ್ದಲದ ನಡುವೆ, ಅದೇ ವರ್ಷ ಮೇ ತಿಂಗಳಲ್ಲಿ ಆ ಸಂಸ್ಥೆ ಕೊಟ್ಟ ಇನ್ನೊಂದು ಸಲಹೆ ಯಾರ ಕಿವಿಗೂ ಬೀಳಲಿಲ್ಲ: ತೂಕ ಇಳಿಸಲು ಅಂತ ಇಂಥ ಸಿಹಿಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಅದರಿಂದ ಉಪಯೋಗ ಕಾಣುತ್ತಿಲ್ಲ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಅದರಲ್ಲಿದೆ. ಅಂದರೆ ಗುಲಾಬಿ ಕ್ಯಾನಿನ ಭರವಸೆಯನ್ನು ಪಕ್ಕಕ್ಕಿಟ್ಟರು, ಕಿರ್ಶ್‌ನ ವಾರ್ಡಿನವರನ್ನು ಅವರ ಪಾಡಿಗೆ ಬಿಟ್ಟರು.

ಟ್ಯಾಬ್ ಅನ್ನು ಕೋಕಾ-ಕೋಲಾ 2020ರ ಕೊನೆಗೆ ನಿಲ್ಲಿಸಿತು. ಕೋವಿಡ್ ಸಮಯದಲ್ಲಿ ಸಣ್ಣ ಸಣ್ಣ ಬ್ರ್ಯಾಂಡುಗಳನ್ನು ಕೈಬಿಡುವಾಗ ಇದೂ ಹೋಯಿತು. ಇಲಿ, ಕಾನೂನು, ಎಚ್ಚರಿಕೆಯ ಪಟ್ಟಿ ಎಲ್ಲವನ್ನೂ ದಾಟಿ 57 ವರ್ಷ ಬದುಕಿದ್ದು ಲೆಕ್ಕಪತ್ರದ ಒಂದು ಸಾಲಿನಲ್ಲಿ ಮುಗಿಯಿತು.

ಟ್ಯಾಬ್‌ನ ಮೊದಲ ಹದದಲ್ಲಿದ್ದ 952 ಮಾತ್ರ ಇನ್ನೂ ಇದೆ. ಅಮೆರಿಕದಲ್ಲಿ ಅದಕ್ಕೆ 1969ರ ನಿಷೇಧ ಇವತ್ತಿಗೂ ತೆರವಾಗಿಲ್ಲ. ಯುರೋಪಿನಲ್ಲಿ ಅನುಮತಿ ಇದೆ. ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವ ಸಂದರ್ಭ ಬಂದರೆ ಅಲ್ಲೊಂದು ಕೋಕ್ ಜೀರೋ ಕೊಂಡು ಬೆನ್ನು ತಿರುಗಿಸಿ ನೋಡಿ. ಆಸ್ಪರ್ಟೇಮ್, ಅಸೆಸಲ್ಫೇಮ್ ಜೊತೆಗೆ ಸೈಕ್ಲಮೇಟ್ ಕೂಡ ಪಟ್ಟಿಯಲ್ಲಿರುತ್ತದೆ. ನ್ಯೂಯಾರ್ಕಿಗೆ ಇಳಿದ ಮೇಲೆ ಅದೇ ಹೆಸರಿನ ಕ್ಯಾನಿನಲ್ಲಿ ಅದು ಇರುವುದಿಲ್ಲ.